ಪಾಯಿಂಟರ್ ಹೇಳುವುದು ಜಾಗ, ಹೇಳದೇ ಉಳಿಸುವುದು ಆಯಸ್ಸು

ಸಿ ಭಾಷೆ ಕಲಿಯಲು ಕೂತವರು ಪಾಯಿಂಟರ್ ಅಧ್ಯಾಯ ಬಂದ ಕೂಡಲೇ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಅದರಲ್ಲಿ ಅವರ ತಪ್ಪೇನಿಲ್ಲ. ಬಹಳಷ್ಟು ಪಠ್ಯಪುಸ್ತಕಗಳ ಮೊದಲ ಉದಾಹರಣೆಯೇ ಹಾಗಿರುತ್ತದೆ: ಎಕ್ಸ್ ಎಂಬ ವೇರಿಯಬಲ್‌ನಲ್ಲಿ 10 ಇಡಿ, ಪಿ ಎಂಬ ಪಾಯಿಂಟರ್‌ನಲ್ಲಿ ಎಕ್ಸ್‌ನ ವಿಳಾಸ ಇಡಿ, ಈಗ *ಪಿ (ಪಿ ತೋರಿಸುವ ಜಾಗದಲ್ಲಿರುವುದು) ಎಂದು ಪ್ರಿಂಟ್ ಮಾಡಿದರೆ 10 ಬರುತ್ತದೆ. ಬಂತು, ಸರಿ. ಆದರೆ ಎಕ್ಸ್ ಅಂತಲೇ ಪ್ರಿಂಟ್ ಮಾಡಬಹುದಿತ್ತಲ್ಲ, ಇಷ್ಟು ಸುತ್ತು ಬಳಸುವುದು ಯಾಕೆ? ಈ ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ಪಾಯಿಂಟರ್ ಅರ್ಥವಾಗಿಲ್ಲ ಅಂದುಕೊಳ್ಳುತ್ತೇವೆ. ನನ್ನ ಪ್ರಕಾರ ಆ ತರಗತಿಯಲ್ಲಿ ಸರಿಯಾಗಿ ಯೋಚಿಸುತ್ತಿರುವವನು ಅವನೊಬ್ಬನೇ.

ವಿಳಾಸ ಎಂಬ ಕಲ್ಪನೆ ನಿಜಕ್ಕೂ ಕಷ್ಟದ್ದಲ್ಲ. ಮೆಮೊರಿ ಎಂದರೆ ಸಾಲಾಗಿ ಜೋಡಿಸಿದ ಬೈಟ್‌ಗಳು, ಪ್ರತಿ ಬೈಟ್‌ಗೂ ಒಂದು ಕ್ರಮಸಂಖ್ಯೆ. ಆ ಸಂಖ್ಯೆಯನ್ನು ಹಿಡಿದಿಟ್ಟುಕೊಂಡ ಇನ್ನೊಂದು ವೇರಿಯಬಲ್ಲೇ ಪಾಯಿಂಟರ್. ಇಂದಿನ 64 ಬಿಟ್ ಯಂತ್ರಗಳಲ್ಲಿ ಅದು 8 ಬೈಟ್ ಜಾಗ ತಿನ್ನುತ್ತದೆ, ಅದು ತೋರಿಸುತ್ತಿರುವುದು ಒಂದೇ ಅಕ್ಷರವಾದರೂ ಸರಿ, ಹಲವು ಮೌಲ್ಯಗಳನ್ನು ಒಟ್ಟಿಗೆ ಕಟ್ಟಿದ ದೊಡ್ಡ ಸ್ಟ್ರಕ್ಚರ್ ಆದರೂ ಸರಿ. ಪಾಯಿಂಟರ್‌ಗೆ ಟೈಪ್ ಯಾಕೆ ಬೇಕು ಎಂದರೆ, ಅಲ್ಲಿಗೆ ಹೋದ ಮೇಲೆ ಎಷ್ಟು ಬೈಟ್ ಓದಬೇಕು, ಅವನ್ನು ಪೂರ್ಣಾಂಕವೆಂದು ಓದಬೇಕೋ ದಶಮಾಂಶ ಸಂಖ್ಯೆಯೆಂದು ಓದಬೇಕೋ, ಒಂದು ಕೂಡಿದರೆ ಎಷ್ಟು ಬೈಟ್ ಮುಂದೆ ಜಿಗಿಯಬೇಕು ಎಂಬುದು ಕಂಪೈಲರ್‌ಗೆ ಗೊತ್ತಾಗಬೇಕಲ್ಲ, ಅದಕ್ಕೆ. ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ಹೇಳಿ ಮುಗಿಸಬಹುದು.

ಹಾಗಿದ್ದರೆ ವರ್ಷಗಟ್ಟಲೆ ಸಿ ಬರೆದು ಕೈ ಪಳಗಿದವರನ್ನೂ ಪಾಯಿಂಟರ್ ಯಾಕೆ ಕಾಡುತ್ತದೆ? ನನಗೆ ಹೊಳೆದ ಉತ್ತರ ಇದು: ಪಾಯಿಂಟರ್ ಒಂದು ಜಾಗವನ್ನು ಹೇಳುತ್ತದೆ, ಆ ಜಾಗ ಎಲ್ಲಿಯವರೆಗೆ ನಮ್ಮದು ಎಂಬುದನ್ನು ಹೇಳುವುದಿಲ್ಲ. ನಾವು ಕಲಿಸುವುದೆಲ್ಲ ಜಾಗದ ಪಾಠ. ಪೆಟ್ಟು ಬೀಳುವುದು ಕಾಲದ ಲೆಕ್ಕ ತಪ್ಪಿದಾಗ. ಪಾಯಿಂಟರ್ ಅಂದರೆ ಮನೆಯ ವಿಳಾಸ ಬರೆದ ಚೀಟಿ ಎಂಬ ಹೋಲಿಕೆ ಎಲ್ಲ ಕಡೆ ಸಿಗುತ್ತದೆ. ಅದು ದಾರಿ ತಪ್ಪಿಸುವುದೂ ಇಲ್ಲಿಯೇ. ಮನೆ ಸುಮ್ಮನೆ ಅಲ್ಲೇ ನಿಂತಿರುತ್ತದೆ ಎಂಬ ಭರವಸೆಯನ್ನು ಅದು ಹೇಳದೆಯೇ ಕೊಟ್ಟುಬಿಡುತ್ತದೆ. ಮೆಮೊರಿಯಲ್ಲಿ ಅಂಥ ಭರವಸೆ ಇಲ್ಲ.

ಆ ವಿಷಯಕ್ಕೆ ಹೋಗುವ ಮುಂಚೆ ಪಾಯಿಂಟರ್ ಈ ರೂಪಕ್ಕೆ ಬಂದದ್ದು ಹೇಗೆ ಎಂದು ಸ್ವಲ್ಪ ನೋಡಬೇಕು. ಯಾಕೆಂದರೆ ಸಿ ಭಾಷೆಯ ವಿಚಿತ್ರಗಳೆಂದು ನಾವು ಬಾಯಿಪಾಠ ಮಾಡುವ ಹಲವು ನಿಯಮಗಳಿಗೆ ಬಹಳ ನೆಲಮಟ್ಟದ ಕಾರಣಗಳಿವೆ. ಸಿಗಿಂತ ಮೊದಲಿದ್ದ ಬಿಸಿಪಿಎಲ್ ಮತ್ತು ಬಿ ಎಂಬ ಎರಡೂ ಭಾಷೆಗಳಲ್ಲಿ ಟೈಪ್ ಎಂಬುದೇ ಇರಲಿಲ್ಲ. ಮೆಮೊರಿ ಇಡಿಯಾಗಿ ಒಂದು ದೊಡ್ಡ ಅರೇ (ಸಾಲಾಗಿ ಜೋಡಿಸಿದ ಕೋಶಗಳು), ಅದರ ಒಂದೊಂದು ಕೋಶವೂ ಒಂದು ವರ್ಡ್ (ಯಂತ್ರ ಒಂದೇ ಸಲಕ್ಕೆ ಹಿಡಿಯುವ ಬಿಟ್‌ಗಳ ಗುಂಪು), ಪಾಯಿಂಟರ್ ಎಂದರೆ ಆ ಅರೇಯ ಇಂಡೆಕ್ಸ್, ಅಂದರೆ ಕೋಶದ ಕ್ರಮಸಂಖ್ಯೆ. ಬೆಲ್ ಲ್ಯಾಬ್ಸ್‌ನಲ್ಲಿ ಬಿ ಭಾಷೆ ಬರೆದ ಕೆನ್ ಥಾಂಪ್ಸನ್ ಮತ್ತು ಸಿ ಭಾಷೆ ರೂಪಿಸಿದ ಡೆನಿಸ್ ರಿಚಿ ಕೆಲಸ ಮಾಡುತ್ತಿದ್ದ ಪಿಡಿಪಿ-7 ಯಂತ್ರಕ್ಕೆ ಇದು ಹೊಂದುತ್ತಿತ್ತು. ಆಮೇಲೆ ಪಿಡಿಪಿ-11 ಬಂತು. ಅದು ಪ್ರತಿ ಬೈಟ್‌ಗೂ ವಿಳಾಸ ಕೊಡುವ ಯಂತ್ರ. ಬಿ ಭಾಷೆಯ ಪಾಯಿಂಟರ್ ವರ್ಡ್‌ಗಳ ಲೆಕ್ಕದಲ್ಲಿ, ಯಂತ್ರ ಬೈಟ್‌ಗಳ ಲೆಕ್ಕದಲ್ಲಿ. ಪ್ರತಿ ಸಲ ಪಾಯಿಂಟರ್ ಬಳಸಿದಾಗಲೂ ಒಂದರಿಂದ ಇನ್ನೊಂದಕ್ಕೆ ಪರಿವರ್ತನೆ ಮಾಡಬೇಕು. ಅಕ್ಷರಗಳನ್ನು ಒಂದೊಂದಾಗಿ ಮುಟ್ಟುವುದಂತೂ ಇನ್ನೂ ಸುತ್ತುಬಳಸು. 1970ರ ದಶಕದ ಮೊದಲ ವರ್ಷಗಳಲ್ಲಿ ರಿಚಿ ಈ ಭಾಷೆಗೆ ಟೈಪ್‌ಗಳನ್ನು ತಂದದ್ದಕ್ಕೆ ಇದೊಂದು ಮುಖ್ಯ ಕಾರಣ.

ಅರೇ ಮತ್ತು ಪಾಯಿಂಟರ್‌ಗಳ ಗೊಂದಲಕ್ಕೂ ಇಂಥದ್ದೇ ಮೂಲವಿದೆ, ಅದು ನನಗೆ ಬಹಳ ಇಷ್ಟ. ಬಿ ಭಾಷೆಯಲ್ಲಿ ಅರೇ ಘೋಷಿಸಿದರೆ ಎರಡು ವಸ್ತು ಹುಟ್ಟುತ್ತಿದ್ದವು: ಅರೇಯ ಕೋಶಗಳು ಒಂದು, ಅವುಗಳ ಮೊದಲ ಕೋಶವನ್ನು ತೋರಿಸುವ ಪಾಯಿಂಟರ್ ಇನ್ನೊಂದು. ಸಿಗೆ ಸ್ಟ್ರಕ್ಚರ್ ಸೇರಿಸಲು ಹೊರಟಾಗ ರಿಚಿ ಎದುರಿಗಿದ್ದದ್ದು ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಡೈರೆಕ್ಟರಿಯ ನಮೂದು. ಡಿಸ್ಕ್ ಮೇಲೆ ಅದು 2 ಬೈಟ್‌ನ ಐನೋಡ್ ಸಂಖ್ಯೆ (ಕಡತವನ್ನು ಗುರುತಿಸುವ ಸಂಖ್ಯೆ), ಅದರ ಪಕ್ಕಕ್ಕೆ 14 ಅಕ್ಷರಗಳ ಹೆಸರು. ಅಷ್ಟೇ. ಸ್ಟ್ರಕ್ಚರ್ ಡಿಸ್ಕಿನ ಬಿಟ್‌ಗಳ ಮೇಲೆ ಹಾಗೇ ಕೂರಬೇಕು. ಆ 14 ಅಕ್ಷರಗಳ ಅರೇಗೆ ಬೇಕಾದ ಪಾಯಿಂಟರನ್ನು ಎಲ್ಲಿ ಅಡಗಿಸುವುದು? ಅಡಗಿಸಲು ಜಾಗವೇ ಇಲ್ಲ. ಹಾಗಾಗಿ ಅವರು ಪಾಯಿಂಟರನ್ನು ಶೇಖರಿಸಿಡುವುದನ್ನೇ ಕೈಬಿಟ್ಟರು. ಎಕ್ಸ್‌ಪ್ರೆಶನ್ ಒಳಗೆ ಅರೇಯ ಹೆಸರು ಬಂದಾಗ ಅದರ ಮೊದಲ ಅಂಶದ ವಿಳಾಸ ಹುಟ್ಟಿಕೊಳ್ಳುತ್ತದೆ ಎಂದು ನಿಯಮ ಮಾಡಿದರು.

ಎ[3] ಎಂದರೆ *(ಎ + 3) ಎಂದಾಗುವುದು ಈ ನಿಯಮದಿಂದ. ಕೂಡುವಾಗ ಹಿಂದುಮುಂದಾದರೂ ನಡೆಯುವುದರಿಂದ 3[ಎ] ಎಂದು ಬರೆದರೂ ಕಂಪೈಲರ್ ತಕರಾರು ಮಾಡುವುದಿಲ್ಲ. (ಸಂದರ್ಶನದಲ್ಲಿ ಈ ಪ್ರಶ್ನೆ ಕೇಳಿ ಖುಷಿಪಡುವವರಿದ್ದಾರೆ. ಕೆಲಸಕ್ಕೆ ಏನೂ ಉಪಯೋಗವಿಲ್ಲ.) ಅರೇಯನ್ನು ಫಂಕ್ಷನ್‌ಗೆ ಕಳಿಸಿದ ಕೂಡಲೇ ಅದರ ಉದ್ದ ಮಾಯವಾಗುವುದೂ ಇದೇ ಕಾರಣಕ್ಕೆ. ಒಳಗೆ ಹೋಗಿ, ಎಷ್ಟು ಬೈಟ್ ಎಂದು ಹೇಳುವ ಸೈಜ್‌ಆಫ್ ಕೇಳಿದರೆ ಅರೇಯ ಅಳತೆ ಸಿಗುವುದಿಲ್ಲ, ಪಾಯಿಂಟರ್‌ನ 8 ಬೈಟ್ ಸಿಗುತ್ತದೆ. ಹದಿನಾರು ಬೈಟ್‌ನ ಡೈರೆಕ್ಟರಿ ನಮೂದಿಗಾಗಿ ಮಾಡಿದ ಅಚ್ಚುಕಟ್ಟಾದ ಹೊಂದಾಣಿಕೆ ಮುಂದೆ ಎಷ್ಟು ದುಬಾರಿಯಾಯಿತು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಪಾಯಿಂಟರ್ ಇಲ್ಲದೆ ಆಗದ ಕೆಲಸ ಯಾವುದು ಎಂದು ಕೇಳಿದ ಆ ವಿದ್ಯಾರ್ಥಿಗೆ ಉತ್ತರ ಕೊಡಬೇಕಲ್ಲ. ಸಿ ಎಲ್ಲವನ್ನೂ ನಕಲು ಮಾಡಿ ಕಳಿಸುತ್ತದೆ. ಫಂಕ್ಷನ್‌ಗೆ ಹೋಗುವುದು ಮೌಲ್ಯದ ಪ್ರತಿ, ಅಸಲು ಹೊರಗೇ ಉಳಿಯುತ್ತದೆ. ಬಳಕೆದಾರರು ಒತ್ತಿದ್ದನ್ನು ಓದುವ ಸ್ಕ್ಯಾನ್‌ಎಫ್ ಬಳಸುವಾಗ ವೇರಿಯಬಲ್ ಮುಂದೆ & ಹಾಕಿ ಎಂದು ಮೊದಲ ದಿನವೇ ಕಾರಣ ಹೇಳದೆ ಕಲಿಸಿರುತ್ತಾರೆ; ಓದಿದ ಸಂಖ್ಯೆಯನ್ನು ಎಲ್ಲಿ ಬರೆಯಬೇಕು ಎಂಬುದು ಸ್ಕ್ಯಾನ್‌ಎಫ್‌ಗೆ ಗೊತ್ತಾಗಲಿ ಎಂದು ಆ ಚಿಹ್ನೆ. ಎರಡು ನಕ್ಷತ್ರದ (**) ಪಾಯಿಂಟರ್‌ಗೂ ಇದೇ ತರ್ಕ ಸಾಕು: ಒಳಗಿನ ಫಂಕ್ಷನ್ ಬದಲಿಸಬೇಕಾದದ್ದು ಪಾಯಿಂಟರನ್ನೇ ಆದರೆ ಆ ಪಾಯಿಂಟರ್‌ನ ವಿಳಾಸ ಕೊಡಬೇಕು.

ಇದರ ಸೊಗಸಾದ ಬಳಕೆಯನ್ನು ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 2016ರ ಒಂದು ಮಾತುಕತೆಯಲ್ಲಿ ತೋರಿಸಿದ್ದರು. ಲಿಂಕ್ಡ್ ಲಿಸ್ಟ್ ಎಂದರೆ ನೋಡ್ ಎಂಬ ತುಂಡುಗಳ ಸರಪಳಿ, ಪ್ರತಿ ನೋಡ್‌ನಲ್ಲೂ ಮುಂದಿನದರ ವಿಳಾಸ (ನೆಕ್ಸ್ಟ್) ಇರುತ್ತದೆ. ಅದರಿಂದ ಒಂದು ನೋಡ್ ತೆಗೆಯಬೇಕು. ಎಲ್ಲರೂ ಬರೆಯುವ ರೀತಿಯಲ್ಲಿ ಹಿಂದಿನ ನೋಡ್ ಯಾವುದೆಂದು ನೆನಪಿಟ್ಟುಕೊಂಡು ಸಾಗಬೇಕು, ತೆಗೆಯಬೇಕಾದದ್ದು ಮೊದಲನೆಯದೇ ಆಗಿದ್ದರೆ ಅದಕ್ಕೊಂದು ಬೇರೆ ಇಫ್ ಬರೆಯಬೇಕು. ಅದರ ಬದಲು ನೋಡ್‌ಗಳನ್ನು ಬಿಟ್ಟು ಅವುಗಳನ್ನು ತೋರಿಸುತ್ತಿರುವ ಪಾಯಿಂಟರ್‌ಗಳ ವಿಳಾಸ ಹಿಡಿದು ಸಾಗಿದರೆ, ಲಿಸ್ಟ್‌ನ ತಲೆಯೂ ಒಂದು ಪಾಯಿಂಟರ್, ನಡುವಿನ ನೋಡ್‌ನ ನೆಕ್ಸ್ಟ್ ಕೂಡ ಒಂದು ಪಾಯಿಂಟರ್. ಎರಡರಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ, ಆ ಇಫ್ ಉದುರಿಹೋಗುತ್ತದೆ. ಕಾಗದದ ಮೇಲೆ ಚೌಕ ಬರೆದು ಬಾಣ ಎಳೆದು ಇದನ್ನು ಒಮ್ಮೆ ಮಾಡಿ ನೋಡಿದವರಿಗೆ ಎರಡು ನಕ್ಷತ್ರದ ಭಯ ಹೋಗುತ್ತದೆ.

ಈಗ ಕಾಲದ ವಿಷಯ. ಪ್ರೋಗ್ರಾಂ ಬಳಸುವ ಮೆಮೊರಿಯಲ್ಲಿ ಸ್ಟ್ಯಾಕ್, ಹೀಪ್ ಎಂಬ ಎರಡು ಪ್ರದೇಶಗಳಿವೆ ಎಂದು ಪುಸ್ತಕಗಳು ಚಿತ್ರ ಬರೆದು ತೋರಿಸುತ್ತವೆ; ಒಂದು ಮೇಲಿನಿಂದ ಕೆಳಗೆ ಬೆಳೆಯುತ್ತದೆ, ಇನ್ನೊಂದು ಕೆಳಗಿನಿಂದ ಮೇಲಕ್ಕೆ. ಚಿತ್ರ ತಪ್ಪಲ್ಲ, ಆದರೆ ಎರಡನ್ನೂ ಪ್ರದೇಶಗಳೆಂದು ನೋಡುವುದಕ್ಕಿಂತ ಆಯಸ್ಸಿನ ಎರಡು ಕ್ರಮಗಳೆಂದು ನೋಡಿದರೆ ಹೆಚ್ಚು ತಿಳಿಯುತ್ತದೆ. ಸ್ಟ್ಯಾಕ್ ಮೇಲೆ ಹುಟ್ಟಿದ್ದು ಫಂಕ್ಷನ್ ಮುಗಿದಾಗ ಸಾಯುತ್ತದೆ. ಕೊನೆಗೆ ಕರೆದದ್ದು ಮೊದಲು ಮುಗಿಯುತ್ತದೆ, ಆದ್ದರಿಂದ ಲೆಕ್ಕ ಇಡುವ ಗೋಜೇ ಇಲ್ಲ. ಪ್ರೊಸೆಸರ್ ಒಳಗಿನ ಒಂದು ರಿಜಿಸ್ಟರ್‌ನ ಸಂಖ್ಯೆ ಹಿಂದೆಮುಂದೆ ಮಾಡಿದರೆ ಸಾಕು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 8 ಎಂಬಿ ಮಿತಿ ಇರುತ್ತದೆ, ಕೊನೆಯಿಲ್ಲದ ರಿಕರ್ಶನ್ (ಫಂಕ್ಷನ್ ತನ್ನನ್ನೇ ಕರೆಯುತ್ತ ಹೋಗುವುದು) ಅದನ್ನು ತುಂಬಿಸಿ ಕೆಡವುತ್ತದೆ. ಹೀಪ್ ಮೇಲಿನದ್ದರ ಆಯಸ್ಸು ಯಾವ ಫಂಕ್ಷನ್‌ಗೂ ಅಂಟಿಕೊಂಡಿಲ್ಲ. ಜಾಗ ಕೇಳುವ ಮ್ಯಾಲಾಕ್ ಅನ್ನು ನಾವು ಕರೆದಾಗ ಹುಟ್ಟು, ಜಾಗ ಬಿಟ್ಟುಕೊಡುವ ಫ್ರೀ ಕರೆದಾಗ ಸಾವು. ನಡುವಿನ ಹೊಣೆ ಪೂರ್ತಿ ನಮ್ಮದು.

ಫಂಕ್ಷನ್ ಒಳಗಿನ ಲೋಕಲ್ ಅರೇಯ ವಿಳಾಸವನ್ನು ರಿಟರ್ನ್ ಮಾಡುವ ಪ್ರಸಿದ್ಧ ಎಡವಟ್ಟು ಈ ಎರಡು ಕ್ರಮಗಳನ್ನು ಬೆರೆಸಿದ್ದರಿಂದ ಆಗುವುದು. ಅದರ ಕೆಟ್ಟ ಗುಣವೆಂದರೆ ಕೆಲವೊಮ್ಮೆ ಸರಿಯಾದ ಉತ್ತರವೇ ಬರುತ್ತದೆ. ಫಂಕ್ಷನ್ ಮುಗಿದರೂ ಆ ಬೈಟ್‌ಗಳನ್ನು ಯಾರೂ ಒರೆಸಿರುವುದಿಲ್ಲ. ಮುಂದಿನ ಕರೆ ಅವುಗಳ ಮೇಲೆ ಬರೆಯುವವರೆಗೆ ಹಳೆಯದು ಹಾಗೇ ಇರುತ್ತದೆ. ಹುಡುಕೋಣವೆಂದು ಪ್ರಿಂಟ್‌ಎಫ್ ಸೇರಿಸಿದರೆ ಆ ಪ್ರಿಂಟ್‌ಎಫ್‌ನ ಕರೆಯೇ ಅಲ್ಲಿದ್ದದ್ದನ್ನು ಅಳಿಸಿಹಾಕಬಹುದು.

ಹೀಪ್‌ನ ಒಳಗೆ ನಡೆಯುವುದನ್ನು ತಿಳಿಯದೆ ಇದರ ಪೂರ್ತಿ ಚಿತ್ರ ಸಿಗುವುದಿಲ್ಲ. ಫ್ರೀಗೆ ನಾವು ಕೊಡುವುದು ಬರೀ ಒಂದು ವಿಳಾಸ. ಎಷ್ಟು ಬೈಟ್ ಬಿಡಬೇಕು ಎಂದು ಹೇಳುವುದೇ ಇಲ್ಲ. ಅದಕ್ಕೆ ಹೇಗೆ ಗೊತ್ತಾಗುತ್ತದೆ? ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ಜಿಲಿಬ್‌ಸಿ ಎಂಬ ಲೈಬ್ರರಿಯ ಮ್ಯಾಲಾಕ್, ನಮಗೆ ಕೊಟ್ಟ ವಿಳಾಸಕ್ಕೆ ಸ್ವಲ್ಪ ಹಿಂದೆಯೇ ಆ ತುಂಡಿನ ಅಳತೆಯನ್ನು ಬರೆದಿಟ್ಟಿರುತ್ತದೆ. 64 ಬಿಟ್ ಯಂತ್ರದಲ್ಲಿ ಒಂದೇ ಒಂದು ಬೈಟ್ ಕೇಳಿದರೂ ಒಳಗೆ 32 ಬೈಟ್ ಖರ್ಚಾಗುತ್ತದೆ, ಅದಕ್ಕಿಂತ ಸಣ್ಣ ತುಂಡನ್ನು ಅದು ಕತ್ತರಿಸುವುದಿಲ್ಲ. ಲಕ್ಷಗಟ್ಟಲೆ ಪುಟ್ಟ ನೋಡ್‌ಗಳನ್ನು ಒಂದೊಂದಾಗಿ ಮ್ಯಾಲಾಕ್ ಮಾಡುವ ಪ್ರೋಗ್ರಾಂ ನಿರೀಕ್ಷೆಗಿಂತ ಹೆಚ್ಚು ಮೆಮೊರಿ ನುಂಗುವುದು ಇದರಿಂದಲೇ. ನಮ್ಮ ಅರೇಯ ಅಂಚು ಮೀರಿ ಬರೆದಾಗ ಮುಂದಿನ ತುಂಡಿನ ಅಳತೆಯ ಮೇಲೆ ಬರೆದಿರುತ್ತೇವೆ. ಪ್ರೋಗ್ರಾಂ ಬೀಳುವುದು ಅಲ್ಲಲ್ಲ, ಎಷ್ಟೋ ಹೊತ್ತಿನ ನಂತರ ಯಾವುದೋ ಮುಗ್ಧ ಫ್ರೀ ಒಳಗೆ. ತಪ್ಪು ಮಾಡಿದವನೊಬ್ಬ, ಸಿಕ್ಕಿಬೀಳುವವನು ಇನ್ನೊಬ್ಬ.

ಫ್ರೀ ಮಾಡಿದ ತುಂಡು ಆಪರೇಟಿಂಗ್ ಸಿಸ್ಟಂಗೆ ವಾಪಸ್ ಹೋಗುತ್ತದೆ ಎಂದು ಹಲವರು ಭಾವಿಸಿರುತ್ತಾರೆ. ಸಣ್ಣ ತುಂಡುಗಳ ವಿಷಯದಲ್ಲಿ ಹಾಗಾಗುವುದು ಕಡಿಮೆ. ಅದು ಅಲೊಕೇಟರ್‌ನ (ಮ್ಯಾಲಾಕ್, ಫ್ರೀ ನಡೆಸುವ ವ್ಯವಸ್ಥೆಯ) ಖಾಲಿ ತುಂಡುಗಳ ಪಟ್ಟಿಗೆ ಸೇರುತ್ತದೆ. ಆ ಪಟ್ಟಿಯನ್ನು ಕಟ್ಟಲು ಬೇರೆ ಜಾಗ ಬೇಡ: ನೀವು ಬಿಟ್ಟುಕೊಟ್ಟ ತುಂಡಿನ ಒಳಗೇ, ನಿಮ್ಮ ದತ್ತಾಂಶ ಇದ್ದ ಮೊದಲ ಬೈಟ್‌ಗಳ ಮೇಲೆಯೇ, ಮುಂದಿನ ಖಾಲಿ ತುಂಡಿನ ವಿಳಾಸ ಬರೆಯಲಾಗುತ್ತದೆ. ಹಳೆಯ ಪಾಯಿಂಟರ್‌ನಿಂದ ಓದಿದಾಗ ಮೊದಲ ಕೆಲವು ಬೈಟ್ ಕಸವಾಗಿ ಉಳಿದದ್ದು ಸರಿಯಾಗಿಯೇ ಕಾಣುವುದರ ಗುಟ್ಟು ಇದು. ಕೊನೆಗೆ ಸೇರಿದ ತುಂಡನ್ನೇ ಮೊದಲು ಕೊಡುವುದು ಅಲೊಕೇಟರ್‌ನ ರೂಢಿ, ಅದು ಇನ್ನೂ ಪ್ರೊಸೆಸರ್ ಪಕ್ಕದ ವೇಗದ ಮೆಮೊರಿಯಾದ ಕ್ಯಾಶ್‌ನಲ್ಲಿ ಬಿಸಿಯಾಗಿರುತ್ತದಲ್ಲ. ಹಾಗಾಗಿ ಫ್ರೀ ಮಾಡಿದ ಬೆನ್ನಿಗೇ ಅದೇ ಅಳತೆಯ ಮ್ಯಾಲಾಕ್ ಕರೆದರೆ ಬಹುಪಾಲು ಅದೇ ವಿಳಾಸ ಮರಳಿ ಬರುತ್ತದೆ. ಈಗ ಹಳೆಯ ಪಾಯಿಂಟರ್, ಹೊಸ ಪಾಯಿಂಟರ್ ಎರಡರಲ್ಲೂ ಒಂದೇ ಸಂಖ್ಯೆ. ಬಿಟ್‌ಗಳ ಮಟ್ಟದಲ್ಲಿ ಅವುಗಳನ್ನು ಬೇರ್ಪಡಿಸಲು ಸಾಧ್ಯವೇ ಇಲ್ಲ. ಒಂದಕ್ಕೆ ಹಕ್ಕಿದೆ, ಇನ್ನೊಂದಕ್ಕಿಲ್ಲ.

ಫ್ರೀ ಆದಮೇಲೆ ಪಾಯಿಂಟರ್‌ಗೆ ನಲ್ (ಎಲ್ಲಿಯೂ ತೋರಿಸದ ಖಾಲಿ ಮೌಲ್ಯ) ಹಾಕಿ ಎಂಬ ಸಲಹೆ ಕೊಡುವವರಿಗೆ ನನ್ನದೊಂದು ಆಕ್ಷೇಪ. ಹಾಕಿ, ಬೇಡವೆನ್ನುವುದಿಲ್ಲ. ಆದರೆ ಅದು ಆ ಒಂದು ಪ್ರತಿಯನ್ನು ಮಾತ್ರ ಸ್ವಚ್ಛ ಮಾಡುತ್ತದೆ. ಅದೇ ವಿಳಾಸ ಇನ್ನೊಂದು ಸ್ಟ್ರಕ್ಚರ್‌ನಲ್ಲೋ, ಯಾವುದೋ ಟೇಬಲ್‌ನಲ್ಲೋ, ಕಾಲ್‌ಬ್ಯಾಕ್‌ಗೆ ಕೊಟ್ಟ ಆರ್ಗ್ಯುಮೆಂಟ್‌ನಲ್ಲೋ ಕೂತಿದ್ದರೆ ಅವುಗಳಿಗೆ ಸುದ್ದಿ ಮುಟ್ಟುವುದಿಲ್ಲ. ತುಂಡಿನ ಅಳತೆ ಬದಲಿಸುವ ರಿಯಲಾಕ್ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಇದ್ದಲ್ಲೇ ಹಿಗ್ಗಿಸಲು ಜಾಗವಿದ್ದರೆ ವಿಳಾಸ ಬದಲಾಗದು; ಇಲ್ಲದಿದ್ದರೆ ಎಲ್ಲವನ್ನೂ ಬೇರೆಡೆಗೆ ನಕಲು ಮಾಡಿ ಹಳೆಯದನ್ನು ಬಿಟ್ಟುಬಿಡುತ್ತದೆ. ಆ ಅರೇಯ ನಡುವಿನ ಯಾವುದೋ ಅಂಶಕ್ಕೆ ಪಾಯಿಂಟರ್ ಇಟ್ಟುಕೊಂಡವರು ಪರೀಕ್ಷೆಯಲ್ಲಿ ಪಾಸಾಗುತ್ತಾರೆ, ದತ್ತಾಂಶ ದೊಡ್ಡದಾದ ದಿನ ಬೀಳುತ್ತಾರೆ.

ನನ್ನ ವಾದಕ್ಕೆ ಅತ್ಯುತ್ತಮ ಸಾಕ್ಷಿ ಸಿ ಪ್ರೋಗ್ರಾಮರ್‌ಗಳು ದಿನನಿತ್ಯ ಬಳಸುವ ಮೂರು ಫಂಕ್ಷನ್‌ಗಳು: ಸ್ಟ್ರ್‌ಡಪ್ (ಸ್ಟ್ರಿಂಗ್ ನಕಲು ಮಾಡುವುದು), ಗೆಟ್‌ಎನ್ವ್ (ಪರಿಸರ ವೇರಿಯಬಲ್‌ನ ಮೌಲ್ಯ ಕೊಡುವುದು), ಸಿಟೈಮ್ (ಸಮಯವನ್ನು ಅಕ್ಷರಗಳಲ್ಲಿ ಕೊಡುವುದು). ಮೂರೂ ಹಿಂತಿರುಗಿಸುವುದು ಕ್ಯಾರೆಕ್ಟರ್ ಪಾಯಿಂಟರ್, ಟೈಪ್‌ನಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಸ್ಟ್ರ್‌ಡಪ್ ಕೊಟ್ಟದ್ದನ್ನು ನೀವೇ ಫ್ರೀ ಮಾಡಬೇಕು, ಮರೆತರೆ ಸೋರಿಕೆ. ಗೆಟ್‌ಎನ್ವ್ ಕೊಟ್ಟದ್ದು ನಿಮ್ಮದಲ್ಲ, ಫ್ರೀ ಮಾಡಿದರೆ ಅನಾಹುತ. ಸಿಟೈಮ್ ಕೊಟ್ಟದ್ದೂ ನಿಮ್ಮದಲ್ಲ. ಅದು ಒಳಗಿನ ಒಂದೇ ಬಫರ್ (ದತ್ತಾಂಶ ತಾತ್ಕಾಲಿಕವಾಗಿ ಇಡುವ ಜಾಗ), ಇನ್ನೊಮ್ಮೆ ಕರೆದರೆ ಹಿಂದಿನ ಉತ್ತರದ ಮೇಲೆ ಹೊಸದು ಬರೆಯಲ್ಪಡುತ್ತದೆ. ಮೂರಕ್ಕೆ ಮೂರು ಬಗೆಯ ಆಯಸ್ಸು. ಈ ಮಾಹಿತಿ ಇರುವುದು ಮ್ಯಾನ್ ಪುಟ ಎಂಬ ಕೈಪಿಡಿಯಲ್ಲಿ, ಓದಿದವರ ತಲೆಯಲ್ಲಿ. ಕಂಪೈಲರ್‌ಗೆ ಇದರ ಗಂಧಗಾಳಿ ಇಲ್ಲ. ಪೂರ್ಣಾಂಕ ಕೊಡಬೇಕಾದಲ್ಲಿ ಸ್ಟ್ರಿಂಗ್ ಕೊಟ್ಟರೆ ಎಚ್ಚರಿಸುವ ಕಂಪೈಲರ್, ಸತ್ತ ವಿಳಾಸ ಕೊಟ್ಟಾಗ ಬಹುತೇಕ ಮೌನ. ಬೇರೆಯವರ ಕೋಡ್ ಪರಿಶೀಲಿಸುವಾಗ ಪಾಯಿಂಟರ್ ಹಿಂತಿರುಗಿಸುವ ಪ್ರತಿ ಫಂಕ್ಷನ್‌ನ ಮೇಲೂ ನಾನು ಹುಡುಕುವ ಕಾಮೆಂಟ್ ಇದೊಂದೇ: ಬಿಡುವ ಹೊಣೆ ಯಾರದ್ದು, ಎಲ್ಲಿಯವರೆಗೆ ನಂಬಬಹುದು.

ವಿಳಾಸ ಎನ್ನುತ್ತಿದ್ದೇನಲ್ಲ, ಅದೂ ನಿಜವಾದ ವಿಳಾಸವಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. 1962ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕಾರ್ಯಾರಂಭಿಸಿದ ಅಟ್ಲಾಸ್ ಕಂಪ್ಯೂಟರ್‌ನಿಂದ ಬೆಳೆದುಬಂದ ವರ್ಚುವಲ್ ಮೆಮೊರಿಯ ಪದ್ಧತಿಯಲ್ಲಿ, ಪ್ರೋಗ್ರಾಂ ನೋಡುವ ಸಂಖ್ಯೆ ಬೇರೆ, ರ್‍ಯಾಮ್ ಚಿಪ್‌ನಲ್ಲಿನ ಜಾಗ ಬೇರೆ. ನಡುವೆ ಪ್ರೊಸೆಸರ್‌ನ ಒಂದು ಘಟಕ ಸಾಮಾನ್ಯವಾಗಿ 4096 ಬೈಟ್‌ಗಳ ಪುಟಗಳ ಲೆಕ್ಕದಲ್ಲಿ ಅನುವಾದ ಮಾಡುತ್ತದೆ. ಲಿನಕ್ಸ್‌ನಲ್ಲಿ ಒಂದು ಜಿಬಿ ಮ್ಯಾಲಾಕ್ ಮಾಡಿದ ಕೂಡಲೇ ಒಂದು ಜಿಬಿ ರ್‍ಯಾಮ್ ಹೋಗುವುದಿಲ್ಲ. ಪುಟವೊಂದನ್ನು ಮೊದಲ ಸಲ ಮುಟ್ಟಿದಾಗಲೇ ಅದಕ್ಕೆ ಅಸಲಿ ಜಾಗ ಸಿಗುವುದು. ಪ್ರೋಗ್ರಾಂ ಅನ್ನು ಅಲ್ಲೇ ಕೆಡವುವ ಸೆಗ್‌ಫಾಲ್ಟ್ ಬರುವುದು ಅನುವಾದ ಸಿಗದ ಅಥವಾ ಅನುಮತಿಯಿಲ್ಲದ ಪುಟ ಮುಟ್ಟಿದಾಗ. ಇದರಿಂದ ಹೊರಡುವ ಒಂದು ಅಹಿತಕರ ಸತ್ಯವಿದೆ: ಯಂತ್ರಕ್ಕೆ ಪುಟದ ಮಟ್ಟದ ತಪ್ಪು ಮಾತ್ರ ಕಾಣುತ್ತದೆ. ಪುಟ ನಮ್ಮದೇ ಆಗಿದ್ದು ಅದರೊಳಗಿನ ತುಂಡು ಮಾತ್ರ ಸತ್ತಿದ್ದರೆ ಯಾರೂ ತಡೆಯುವುದಿಲ್ಲ. ಸೆಗ್‌ಫಾಲ್ಟ್ ಬಂದರೆ ಬೈಯುವವರೇ ಹೆಚ್ಚು, ನಾನಂತೂ ಅದನ್ನು ಅದೃಷ್ಟ ಎನ್ನುತ್ತೇನೆ. ಬಾರದೇ ಹೋದದ್ದು ಭಯಾನಕ.

ಎಷ್ಟು ಭಯಾನಕ ಎಂಬುದಕ್ಕೆ ಇತಿಹಾಸ ಸಾಕಷ್ಟಿದೆ. 1988ರ ನವೆಂಬರ್ 2ರಂದು ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಡಿದ ಮಾರಿಸ್ ವರ್ಮ್ ಎಂಬ ಪ್ರೋಗ್ರಾಂ ಬಳಸಿದ ದಾರಿಗಳಲ್ಲಿ ಒಂದು, ಬಳಕೆದಾರರ ಮಾಹಿತಿ ಕೊಡುವ ಫಿಂಗರ್ ಸೇವೆಯೊಳಗಿನ 512 ಬೈಟ್‌ನ ಬಫರ್. ಅದಕ್ಕೆ ಸಾಲನ್ನು ಓದುತ್ತಿದ್ದದ್ದು ಗೆಟ್ಸ್ ಎಂಬ ಫಂಕ್ಷನ್. ಗೆಟ್ಸ್‌ಗೆ ಬಫರ್‌ನ ಆರಂಭ ಮಾತ್ರ ಗೊತ್ತು, ಉದ್ದ ತಿಳಿಸಲು ಅದರಲ್ಲಿ ಜಾಗವೇ ಇಲ್ಲ. ಆಗ ಹೇಳಿದ ಮಾಯವಾದ ಉದ್ದದ ಬೆಲೆ ಇದು. ಗೆಟ್ಸ್ ಸಿ ಭಾಷೆಯ ಮಾನಕದಿಂದ ಹೊರಬಿದ್ದದ್ದು 2011ರಲ್ಲಿ! 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಕೂಡ ಇದೇ ಜಾತಿಯದು. ಜಾಲದ ಸಂಪರ್ಕಗಳನ್ನು ಗುಟ್ಟಾಗಿಡುವ ಓಪನ್‌ಎಸ್ಎಸ್ಎಲ್ ಲೈಬ್ರರಿಯಲ್ಲಿ, ಸಂಪರ್ಕ ಜೀವಂತವಿದೆಯೇ ಎಂದು ನೋಡುವ ಹಾರ್ಟ್‌ಬೀಟ್ ಸಂದೇಶದಲ್ಲಿ ಕಳಿಸಿದವರು ತಮ್ಮ ಪದದ ಉದ್ದ ಎಷ್ಟೆಂದು ತಾವೇ ಹೇಳುತ್ತಿದ್ದರು, ಸರ್ವರ್ ಅದನ್ನು ನಂಬಿ ಅಷ್ಟು ಬೈಟ್ ನಕಲು ಮಾಡಿ ವಾಪಸ್ ಕಳಿಸುತ್ತಿತ್ತು. ಪುಟ್ಟ ಪದ ಕಳಿಸಿ ಅದರ ಉದ್ದ ಸುಮಾರು 64 ಕೆಬಿ ಎಂದು ಸುಳ್ಳು ಹೇಳಿದರೆ, ಪಕ್ಕದ ಮೆಮೊರಿಯಲ್ಲಿದ್ದ ಪಾಸ್‌ವರ್ಡೋ ಕೀಲಿಯೋ ಕೈಗೆ ಬರುತ್ತಿತ್ತು.

ಇವೆರಡೂ ಜಾಗದ ತಪ್ಪುಗಳು, ಕಾಲದವಲ್ಲ. ನನ್ನ ವಾದಕ್ಕೆ ಇವು ಎದುರು ಸಾಕ್ಷಿ ಎಂದು ಯಾರಾದರೂ ಹೇಳಬಹುದು. ಒಪ್ಪುತ್ತೇನೆ. ಆದರೆ ಜಾಗದ ತಪ್ಪಿಗೆ ಮದ್ದು ಎಲ್ಲರಿಗೂ ಗೊತ್ತು: ಪಾಯಿಂಟರ್ ಜೊತೆ ಉದ್ದವನ್ನೂ ಇಟ್ಟುಕೊಳ್ಳಿ, ಮುಟ್ಟುವ ಮುಂಚೆ ಹೋಲಿಸಿ ನೋಡಿ. ಕಾಲದ ತಪ್ಪಿಗೆ ಅಷ್ಟು ಸುಲಭದ ಮದ್ದಿಲ್ಲ. ತನ್ನ ಉತ್ಪನ್ನಗಳಲ್ಲಿ ಪ್ರತಿವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು ಶೇ 70 ಮೆಮೊರಿ ಸುರಕ್ಷತೆಗೆ ಸೇರಿದವು ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ಕ್ರೋಮ್ ಬ್ರೌಸರ್‌ಗೆ ಮೂಲವಾದ ಕ್ರೋಮಿಯಂನ ತಂಡವೂ ತನ್ನ ಗಂಭೀರ ಭದ್ರತಾ ದೋಷಗಳ ಬಗ್ಗೆ ಹೆಚ್ಚುಕಡಿಮೆ ಅದೇ ಪ್ರಮಾಣ ಕೊಟ್ಟಿತು, ಅವುಗಳಲ್ಲಿ ಅರ್ಧದಷ್ಟು ಫ್ರೀ ಆದಮೇಲೆ ಬಳಸಿದ್ದರಿಂದ ಬಂದವು ಎಂದೂ ಹೇಳಿತು. ನುರಿತವರು, ಒಬ್ಬರ ಕೋಡನ್ನು ಇನ್ನೊಬ್ಬರು ನೋಡುವ ಪದ್ಧತಿ, ಒಳ್ಳೆಯ ಸಾಧನಗಳು ಎಲ್ಲ ಇದ್ದೂ ಹೀಗೆ. ಎಚ್ಚರದಿಂದ ಬರೆದರೆ ಆಯಿತು ಎನ್ನುವವರಿಗೆ ಹೇಳಲು ನನ್ನ ಬಳಿ ಇದಕ್ಕಿಂತ ಹೆಚ್ಚೇನಿಲ್ಲ.

ಸಾಧನ ಎಂದಾಗ ನೆನಪಾಯಿತು. ಸಿ ಕಲಿಯುವವರಿಗೆ ಮೊದಲ ವಾರದಿಂದಲೇ, ಮೆಮೊರಿಯ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಕಂಪೈಲ್ ಮಾಡಲು ಹೇಳಬೇಕು, ಹೇಳದಿರುವುದು ಅನ್ಯಾಯ. ಜಿಸಿಸಿ, ಕ್ಲ್ಯಾಂಗ್ ಎಂಬ ಎರಡೂ ಕಂಪೈಲರ್‌ಗಳಲ್ಲಿ ಅದು ಒಂದು ಆಯ್ಕೆಯಷ್ಟೇ. ಪ್ರೋಗ್ರಾಂ ಸುಮಾರು ಎರಡು ಪಟ್ಟು ನಿಧಾನವಾಗುತ್ತದೆ, ಕಲಿಕೆಗೆ ಅದು ಲೆಕ್ಕಕ್ಕಿಲ್ಲ. ಅದು ಮಾಡುವ ಉಪಾಯ ಎರಡು. ಪ್ರತಿ ತುಂಡಿನ ಸುತ್ತ ಮುಟ್ಟಬಾರದ ಪಟ್ಟಿ ಬಿಡುತ್ತದೆ, ಅಂಚು ಮೀರಿದರೆ ಸಿಕ್ಕಿಬೀಳುತ್ತೀರಿ. ಫ್ರೀ ಮಾಡಿದ ತುಂಡನ್ನು ತಕ್ಷಣ ಮರುಬಳಕೆಗೆ ಕೊಡದೆ ಸ್ವಲ್ಪ ಕಾಲ ಪ್ರತ್ಯೇಕವಾಗಿ ಇಡುತ್ತದೆ, ಆ ಅವಧಿಯಲ್ಲಿ ಯಾರಾದರೂ ಮುಟ್ಟಿದರೆ ಎಲ್ಲಿ ಹುಟ್ಟಿತ್ತು, ಎಲ್ಲಿ ಸತ್ತಿತು, ಎಲ್ಲಿ ಮುಟ್ಟಿದಿರಿ ಎಂದು ಮೂರನ್ನೂ ಸಾಲಿನ ಸಂಖ್ಯೆಯೊಡನೆ ತೋರಿಸುತ್ತದೆ. ಮತ್ತೆ ಕಂಪೈಲ್ ಮಾಡಲು ಆಗದಿದ್ದರೆ ವಾಲ್‌ಗ್ರೈಂಡ್ ಇದೆ, ಅದು ಇನ್ನೂ ಬಹಳ ನಿಧಾನ.

ಬೇರೆ ದಾರಿ ಹಿಡಿದವರು ಮನುಷ್ಯರ ಕೈಯಿಂದ ಫ್ರೀಯನ್ನೇ ಕಿತ್ತುಕೊಂಡರು. ಇದೇನು ಹೊಸ ಫ್ಯಾಷನ್ ಅಲ್ಲ, ಸಿಗಿಂತ ಹಳೆಯದು. ಜಾನ್ ಮೆಕಾರ್ತಿ 1960ರಲ್ಲಿ ಲಿಸ್ಪ್ ಭಾಷೆಯ ಬಗ್ಗೆ ಪ್ರಕಟಿಸಿದ ಲೇಖನದಲ್ಲೇ ಗಾರ್ಬೇಜ್ ಕಲೆಕ್ಷನ್‌ನ ವಿವರಣೆ ಇದೆ: ಖಾಲಿ ಜಾಗ ಮುಗಿದಾಗ ಪ್ರೋಗ್ರಾಂನ ಬೇರುಗಳಿಂದ ಹೊರಟು, ತಲುಪಲಾಗುವುದಕ್ಕೆಲ್ಲ ಗುರುತು ಹಾಕಿ, ಗುರುತಿಲ್ಲದ್ದನ್ನು ಗುಡಿಸಿಹಾಕುವುದು. ಅದೇ ವರ್ಷ ಜಾರ್ಜ್ ಕಾಲಿನ್ಸ್ ಇನ್ನೊಂದು ವಿಧಾನ ಸೂಚಿಸಿದರು, ಒಂದೊಂದು ವಸ್ತುವಿಗೂ ಅದನ್ನು ತೋರಿಸುತ್ತಿರುವ ಪಾಯಿಂಟರ್‌ಗಳ ಎಣಿಕೆ ಇಟ್ಟು, ಸೊನ್ನೆಗಿಳಿದಾಗ ಬಿಟ್ಟುಬಿಡುವುದು. ಎಣಿಕೆಯ ದೌರ್ಬಲ್ಯ ಗೊತ್ತಿರುವಂಥದ್ದೇ: ಎರಡು ವಸ್ತುಗಳು ಒಂದನ್ನೊಂದು ತೋರಿಸುತ್ತಿದ್ದರೆ ಸೊನ್ನೆಗೆ ಇಳಿಯುವುದೇ ಇಲ್ಲ. ಅದಕ್ಕೇ ಪೈಥಾನ್‌ನ ಮುಖ್ಯ ರೂಪವಾದ ಸಿಪೈಥಾನ್ ಎಣಿಕೆಯ ಜೊತೆಗೆ ಇಂಥ ಚಕ್ರಗಳನ್ನು ಹುಡುಕುವ ಕಲೆಕ್ಟರನ್ನೂ ಇಟ್ಟುಕೊಂಡಿದೆ.

ಪೈಥಾನ್, ಜಾವಾ ಬರೆಯುವವರು ನಮಗೆ ಪಾಯಿಂಟರ್ ಇಲ್ಲ ಎನ್ನುವಾಗ ನನಗೆ ನಗು ಬರುತ್ತದೆ. ಪೈಥಾನ್‌ನಲ್ಲಿ ಬಿ = ಎ ಎಂದು ಬರೆದು ಬಿ ಲಿಸ್ಟ್‌ಗೆ ಒಂದು ಅಂಶ ಸೇರಿಸಿದರೆ ಎ ಕೂಡ ಬೆಳೆಯುತ್ತದೆ; ಎರಡು ಹೆಸರು, ಒಂದೇ ವಸ್ತು. ಇದು ಪಾಯಿಂಟರ್ ಅಲ್ಲದೆ ಇನ್ನೇನು? ಪಾಯಿಂಟರ್ ಇಲ್ಲವೆಂದು ಹೇಳಿಕೊಂಡ ಜಾವಾದಲ್ಲಿ ಅತಿ ಪ್ರಸಿದ್ಧ ದೋಷದ ಹೆಸರೇ ನಲ್‌ಪಾಯಿಂಟರ್‌ಎಕ್ಸೆಪ್ಶನ್. ನಲ್‌ನ ಕತೆಯೂ ಹಳೆಯದೇ. 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ನಲ್ ರೆಫರೆನ್ಸ್ ಸೇರಿಸಿದ ಟೋನಿ ಹೋರ್, 2009ರಲ್ಲಿ ಅದನ್ನು ತಮ್ಮ ಶತಕೋಟಿ ಡಾಲರ್ ತಪ್ಪು ಎಂದು ಕರೆದರು. ಜಾರಿಗೆ ತರುವುದು ಬಹಳ ಸುಲಭವಾಗಿತ್ತು ಎಂಬುದೇ ಅದನ್ನು ಸೇರಿಸಲು ಕಾರಣವಾಗಿತ್ತಂತೆ.

ಗಾರ್ಬೇಜ್ ಕಲೆಕ್ಟರ್ ಸತ್ತ ವಿಳಾಸದ ಸಮಸ್ಯೆಯನ್ನು ನಿಜಕ್ಕೂ ಬಗೆಹರಿಸಿತು, ಅದನ್ನು ಸಣ್ಣದೆಂದು ತಳ್ಳಿಹಾಕಬಾರದು. ಆದರೆ ಸೋರಿಕೆ ನಿಲ್ಲಲಿಲ್ಲ. ಅದಕ್ಕೆ ಗೊತ್ತಿರುವುದು ತಲುಪಬಹುದೋ ಇಲ್ಲವೋ ಎಂಬುದು ಮಾತ್ರ, ಬೇಕೋ ಬೇಡವೋ ಎಂಬುದಲ್ಲ. ಪ್ರೋಗ್ರಾಂ ತಾನೇ ಇಟ್ಟುಕೊಂಡ ಯಾವುದೋ ಗ್ಲೋಬಲ್ ಕ್ಯಾಶ್‌ನಲ್ಲಿ ಸೇರಿಸುತ್ತಲೇ ಹೋಗಿ ಎಂದೂ ತೆಗೆಯದಿದ್ದರೆ, ಮುಚ್ಚಿದ ಕಿಟಕಿಯ ಈವೆಂಟ್ ಲಿಸನರನ್ನು ಬಿಡಿಸದೇ ಹೋದರೆ, ಸರ್ವರ್ ದಿನೇ ದಿನೇ ದಪ್ಪಗಾಗುತ್ತದೆ. ಸಿಯಲ್ಲಿ ಬೇಗ ಕೊಂದ ತಪ್ಪು ಕಾಡಿದರೆ ಇಲ್ಲಿ ಎಂದೂ ಕೊಲ್ಲದ ತಪ್ಪು.

ರಸ್ಟ್ ಎಂಬ ಭಾಷೆ ಹಿಡಿದದ್ದು ಮೂರನೆಯ ದಾರಿ. 2015ರಲ್ಲಿ ಅದರ 1.0 ಆವೃತ್ತಿ ಬಂತು. ಪ್ರತಿ ಮೌಲ್ಯಕ್ಕೂ ಒಬ್ಬನೇ ಒಡೆಯ, ಒಡೆಯನ ವ್ಯಾಪ್ತಿ ಮುಗಿದಾಗ ಮೌಲ್ಯವೂ ಮುಗಿಯಿತು. ಉಳಿದವರು ಸಾಲ ಪಡೆಯಬಹುದು, ಸಾಲದ ಅವಧಿ ಒಡೆಯನ ಆಯಸ್ಸನ್ನು ಮೀರಬಾರದು. ಇದನ್ನು ಕಂಪೈಲರ್ ತಪಾಸಣೆ ಮಾಡುತ್ತದೆ. ಸಿಯಲ್ಲಿ ಮ್ಯಾನ್ ಪುಟದಲ್ಲಿ ಅಡಗಿದ್ದ ಮಾಹಿತಿ ಇಲ್ಲಿ ಟೈಪ್‌ಗೆ ಏರಿತು. ಸ್ಟ್ರ್‌ಡಪ್ ತರಹದ್ದು ಒಡೆತನವಿರುವ ಸ್ಟ್ರಿಂಗ್ ಎಂಬ ಟೈಪ್ ಕೊಡುತ್ತದೆ, ಎರವಲು ಕೊಡುವುದು ರೆಫರೆನ್ಸ್ ಕೊಡುತ್ತದೆ. ನೋಡಿದರೆ ಸಾಕು, ಒಡೆತನ ಯಾರದ್ದೆಂದು ತಿಳಿಯುತ್ತದೆ. ರಸ್ಟ್ ಕಲಿಯುವವರು ಕಂಪೈಲರ್ ಜೊತೆ ಜಗಳ ಎಂದು ಗೊಣಗುತ್ತಾರೆ. ಸಿಯಲ್ಲಿ ಆ ಜಗಳ ಡೀಬಗರ್ ಜೊತೆ, ಅದೂ ಸಾಮಾನ್ಯವಾಗಿ ಅಪರಾತ್ರಿಯಲ್ಲಿ. ನನಗಂತೂ ಮೊದಲನೆಯದೇ ವಾಸಿ.

ಆದರೆ ಒಬ್ಬನೇ ಒಡೆಯ ಎಂಬ ನಿಯಮಕ್ಕೆ ಗ್ರಾಫ್‌ಗಳು ಬಗ್ಗುವುದಿಲ್ಲ. ಹಲವು ನೋಡ್‌ಗಳು ಪರಸ್ಪರ ತೋರಿಸುವಲ್ಲಿ ಒಡೆಯ ಯಾರು? ಅನೇಕರು ಮಾಡುವ ಉಪಾಯವೆಂದರೆ ಎಲ್ಲ ನೋಡ್‌ಗಳನ್ನೂ ವೆಕ್ಟರ್ ಎಂಬ ಬೆಳೆಯಬಲ್ಲ ಅರೇಯೊಂದರಲ್ಲಿ ಇಟ್ಟು, ಪಾಯಿಂಟರ್ ಬದಲು ಇಂಡೆಕ್ಸ್ ಸಂಖ್ಯೆ ಬಳಸುವುದು. ನೋಡ್‌ಗಳು ಒತ್ತೊತ್ತಾಗಿ ಕೂರುವುದರಿಂದ ಕ್ಯಾಶ್‌ಗೂ ಹಿತ. ಕಂಪೈಲರ್ ಸುಮ್ಮನಾಗುತ್ತದೆ, ಆದರೆ ಗಮನಿಸಿ: ಮೆಮೊರಿ ಒಂದು ಅರೇ, ಪಾಯಿಂಟರ್ ಅದರ ಇಂಡೆಕ್ಸ್ ಎಂಬ ಬಿಸಿಪಿಎಲ್ ಕಾಲದ ಮಾದರಿಯೇ ಇದು. ಐದನೇ ಜಾಗದ ನೋಡ್ ಅಳಿಸಿ ಅಲ್ಲಿ ಇನ್ನೊಂದನ್ನು ಇಟ್ಟರೆ, ಹಳೆಯ 5 ಹಿಡಿದುಕೊಂಡವರಿಗೆ ಬೇರೆಯವರ ದತ್ತಾಂಶ ಸಿಗುತ್ತದೆ. ಅಂಚು ಮೀರುವುದಿಲ್ಲ, ಕೀಲಿಗಳು ಸೋರುವುದಿಲ್ಲ, ಆದರೂ ಉತ್ತರ ತಪ್ಪು.

ಇದಕ್ಕೆ ಗೇಮ್ ಬರೆಯುವವರು ಬಹಳವಾಗಿ ಬಳಸುವ ಪರಿಹಾರ ತಲೆಮಾರಿನ ಸಂಖ್ಯೆ. ವೆಕ್ಟರ್‌ನ ಪ್ರತಿ ಕೋಶದಲ್ಲೂ ಒಂದು ಎಣಿಕೆ ಇರುತ್ತದೆ, ಕೋಶ ಖಾಲಿಯಾಗಿ ಮರುಬಳಕೆಯಾದಾಗಲೆಲ್ಲ ಅದು ಒಂದು ಹೆಚ್ಚುತ್ತದೆ. ಹೊರಗಿನವರ ಕೈಯಲ್ಲಿರುವುದು ಬರೀ 5 ಅಲ್ಲ, ಐದನೇ ಕೋಶ ಮತ್ತು ಅದರ ಎರಡನೇ ತಲೆಮಾರು ಎಂಬ ಜೋಡಿ. ಕೋಶದಲ್ಲೀಗ ಮೂರನೇ ತಲೆಮಾರು ನಡೆಯುತ್ತಿದ್ದರೆ ಹೋಲಿಕೆ ತಪ್ಪುತ್ತದೆ, ಏನೂ ಸಿಗುವುದಿಲ್ಲ. ಪಾಯಿಂಟರ್ ಒಳಗೆ ಜಾಗದ ಜೊತೆ ಕಾಲವೂ ಸೇರಿದ್ದು ನನಗೆ ಮೊದಲು ಕಣ್ಣಿಗೆ ಕಂಡದ್ದು ಈ ಪುಟ್ಟ ಜೋಡಿಯಲ್ಲಿ.

ಹೆಚ್ಚುಕಡಿಮೆ ಇದೇ ವಿಚಾರ ಈಗ ಹಾರ್ಡ್‌ವೇರ್‌ಗೂ ಇಳಿದಿದೆ. ಆರ್ಮ್ ಪ್ರೊಸೆಸರ್‌ಗಳ ಮೆಮೊರಿ ಟ್ಯಾಗಿಂಗ್ ಸೌಲಭ್ಯದಲ್ಲಿ ಪ್ರತಿ 16 ಬೈಟ್‌ಗೆ 4 ಬಿಟ್‌ನ ಒಂದು ಗುರುತು. 64 ಬಿಟ್ ಪಾಯಿಂಟರ್‌ನಲ್ಲಿ ವಿಳಾಸಕ್ಕೆ ಬೇಕಾಗದೆ ಉಳಿದ ಮೇಲಿನ ಬಿಟ್‌ಗಳಲ್ಲಿ ಅದೇ ಗುರುತಿನ ಪ್ರತಿ. ಫ್ರೀ ಮಾಡಿದಾಗ ಅಲೊಕೇಟರ್ ಮೆಮೊರಿಯ ಗುರುತು ಬದಲಿಸುತ್ತದೆ, ಹಳೆಯ ಪಾಯಿಂಟರ್ ಹಿಡಿದು ಬಂದವರನ್ನು ಪ್ರೊಸೆಸರ್ ಬಾಗಿಲಲ್ಲೇ ತಡೆಯುತ್ತದೆ. ನಾಲ್ಕು ಬಿಟ್ ಎಂದರೆ ಗುರುತುಗಳು ಹದಿನಾರೇ. ಹೊಸ ಗುರುತನ್ನು ಮನಬಂದಂತೆ ಆರಿಸಿದರೆ ಹದಿನಾರರಲ್ಲಿ ಒಂದು ಸಲ ಅದು ಹಳೆಯದಕ್ಕೇ ಹೊಂದಿ, ಸತ್ತ ಪಾಯಿಂಟರ್ ಒಳಗೆ ನುಸುಳಿಬಿಡಬಹುದು. ಮೊದಲ ಪ್ರಯತ್ನದಲ್ಲೇ ಗುರಿ ಮುಟ್ಟಬೇಕಾದ ದಾಳಿಕೋರನಿಗೆ ಅದು ದೊಡ್ಡ ಅಡ್ಡಿ. ಬೇಕಾದಷ್ಟು ಸಲ ಪ್ರಯತ್ನಿಸಬಲ್ಲವನಿಗೆ ಅಷ್ಟೇನಲ್ಲ.